ಉರುಳಿ ಬಂದ ಕಲ್ಲು

ಎನ್.ಆರ್.ಪುರದ ಬಸ್ಸು ಇವತ್ತೊಂದು ದಿನ ತಡವಾಗಿ ಬರಲಿ ಎಂದು ಕೊಪ್ಪದ ಬಸ್ ನಿಲ್ದಾಣದಲ್ಲಿ ನಿಂತು ಷಡಕ್ಷರಿ ಬೇಡಿಕೊಳ್ಳುತ್ತಿದ್ದ. ಯಾವತ್ತೂ ಹೊತ್ತಿಗೆ ಬಂದು ಗೊತ್ತಿಲ್ಲದ ಆ ಬಸ್ಸು, ಅವನ ಬೇಡಿಕೆ ಕೇಳಿಸಿಕೊಂಡೇ ಹಟಕ್ಕೆ ಬಿದ್ದ ಹಾಗೆ, ಸರಿಯಾದ ವೇಳೆಗೆ ಬಂದು ಅವನ ಮುಂದೆಯೇ ನಿಂತಿತು. ಅವನ ಕೈಚೀಲದಲ್ಲಿ ಸುತ್ತಿಗೆ ಇತ್ತು. ಭಾನುವಾರ ಬೆಳಿಗ್ಗೆ ಸುತ್ತಿಗೆ ಹಿಡಿದು ಹೊರಟ ಹೈಸ್ಕೂಲ್ ಮೇಷ್ಟ್ರನ್ನು ಊರು ಸುಮ್ಮನೆ ಬಿಡುವುದಿಲ್ಲ ಎಂದು ಅದನ್ನು ಟವೆಲಿನಲ್ಲಿ ಸುತ್ತಿ, ಮೇಲೆ ಎರಡು ಕಟ್ಟು ಹರಿವೆ ಸೊಪ್ಪು ಹೊದಿಸಿದ್ದ. ಆದರೂ ಅಡಿಕೆ ಮಂಡಿಯ ಗುಮಾಸ್ತ ಪುಟ್ಟಪ್ಪ ದೂರದಿಂದಲೇ ಚೀಲದ ಭಾರ ಅಂದಾಜು ಮಾಡಿ, "ಏನ್ ಮೇಷ್ಟ್ರೇ, ಸೊಪ್ಪು ಭಾರಿ ತೂಕ ಅನ್ನಿ! ಇವತ್ತು ಯಾವ ಕಲ್ಲಿಗೆ ಗ್ರಹಚಾರ ಕಾದಿದೆ?" ಎಂದ. ಷಡಕ್ಷರಿ ನಗಬೇಕಾದಷ್ಟು ನಕ್ಕ. "ಋಷಿಮೂಲ ನದೀಮೂಲ ಹುಡುಕಬಾರದು ಅಂತಾರೆ. ನೀವು ಕಲ್ಲಿನ ಮೂಲಕ್ಕೇ ಕೈ ಹಾಕಿದೀರಲ್ಲ ಮಾರಾಯ್ರೆ" ಎಂದು ಪುಟ್ಟಪ್ಪ ಎಂದಿನ ಮಾತನ್ನು ಎಂದಿನ ಜಾಗದಲ್ಲಿ ಸೇರಿಸಿದ. ಅಷ್ಟರಲ್ಲಿ ಅವನ ಹಳೆಯ ಶಿಷ್ಯೆ ಜ್ಯೋತ್ಸ್ನಾ ಬಸ್ಸಿನಿಂದಿಳಿದು, ಬೆನ್ನಿನ ಚೀಲ ಸರಿ ಮಾಡಿಕೊಳ್ಳುತ್ತ, "ಸರ್!" ಎಂದು ಕೂಗಿದಳು. ಆ ಕೂಗಿನಲ್ಲಿದ್ದ ಸಂತೋಷ ಕೇಳಿ ಅವನು ಸರಿಯಾಗಿಯೇ ಇದ್ದ ಸೊಪ್ಪನ್ನು ಮತ್ತೆ ಸರಿಪಡಿಸಿದ.

ಅವಳಿಗೆ ಹೇಳಬೇಕಾದದ್ದು ಒಂದೇ ಮಾತು. ಅದನ್ನು ಅವನು ಸ್ನಾನ ಮಾಡುವಾಗ ಒಂದು ಸಲ, ತಿಂಡಿ ತಿನ್ನುವಾಗ ಒಂದು ಸಲ ಮನಸ್ಸಿನಲ್ಲಿ ಹೇಳಿ ನೋಡಿಕೊಂಡಿದ್ದ. 'ಜ್ಯೋತ್ಸ್ನಾ, ಆ ಕಲ್ಲು ನಾನು ಬಂಡೆಯಿಂದ ಒಡೆದದ್ದಲ್ಲಮ್ಮ, ಹಳ್ಳದಲ್ಲಿ ಬಿದ್ದಿತ್ತು.' ಇಷ್ಟೇ. ಹೇಳಿದರೆ ಬಾಯಿ ಸುಡುವುದಿಲ್ಲ. ಹೆಂಡತಿ ಕುಸುಮಾ ದೋಸೆ ಹಾಕುತ್ತ, "ಅದೇನು ತುಟಿ ಅಲ್ಲಾಡಿಸ್ತಾ ಇದೀರಿ? ಕಲ್ಲು ನೆಕ್ಕಿ ನೆಕ್ಕಿ ಈಗ ಜಪವೂ ಶುರುವಾಯ್ತಾ?" ಎಂದು ಕೇಳಿದ್ದಳು. ಕಲ್ಲನ್ನು ಒದ್ದೆ ಮಾಡಿದರೆ ಅದರ ಕಣಗಳು ಚೆನ್ನಾಗಿ ಕಾಣುತ್ತವೆ, ಭೂವಿಜ್ಞಾನ ಓದಿದವರೆಲ್ಲ ನೀರಿಲ್ಲದ ಕಡೆ ನಾಲಗೆಯನ್ನೇ ಬಳಸುತ್ತಾರೆ ಎಂದು ಮದುವೆಯಾದ ಹೊಸತರಲ್ಲಿ ಅವಳಿಗೆ ವಿವರಿಸಿದ್ದ. ಅವಳು ಅದನ್ನು ತವರಿನಲ್ಲೆಲ್ಲ ಸಾರಿ, ಅಂದಿನಿಂದ ಅಲ್ಲಿಗೆ ಹೋದಾಗಲೆಲ್ಲ ಊಟಕ್ಕೆ ಕೂತ ಅಳಿಯನಿಗೆ, "ಉಪ್ಪಿನಕಾಯಿ ಬೇಕೋ, ಅಂಗಳದ ಕಲ್ಲು ಸಾಕೋ?" ಎಂದು ಕೇಳುವುದು ವಾಡಿಕೆಯಾಗಿತ್ತು. ಇಂಥದ್ದಕ್ಕೆಲ್ಲ ಅವನು ಒಗ್ಗಿಹೋಗಿದ್ದ. ಈ ಒಂದು ಮಾತಿಗೆ ಮಾತ್ರ ನಾಲಗೆ ಒಗ್ಗುತ್ತಿರಲಿಲ್ಲ.

ವಿಷಯ ಇಷ್ಟು. ಈ ಸೀಮೆಯ ಗುಡ್ಡಗಳ ಹೊಟ್ಟೆಯಲ್ಲಿರುವುದು, ಊಹೆಗೂ ನಿಲುಕದಷ್ಟು ಹಿಂದೆ, ಸಮುದ್ರದ ತಳದಲ್ಲಿ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾ. ಒಂದು ಪದರ ಹರಿದು ತಣ್ಣಗಾಗಿ ಇನ್ನೊಂದು ಹರಿಯುವ ನಡುವಿನ ಬಿಡುವಿನಲ್ಲಿ ಮೇಲಿನ ಯಾವುದೋ ನೆಲದಿಂದ ಮರಳು, ಕೆಸರು, ಬೆಣಚುಕಲ್ಲಿನ ಹರಳು ಕೊಚ್ಚಿಕೊಂಡು ಬಂದು ಕೂತಿವೆ. ಮೇಲೆ ಬಂದ ಬಿಸಿ ಲಾವಾ ಆ ಹಸಿ ಕೆಸರನ್ನು ಸುಟ್ಟು, ಕಲಸಿ, ಅರ್ಧ ನುಂಗಿ, ನುಂಗಲಾರದೆ ಹಾಗೇ ಕಲ್ಲಾಗಿದೆ. ಆ ಮರಳು ಬಂದದ್ದು ಯಾವ ನೆಲದಿಂದ? ಅದರ ತಾಯಿಬಂಡೆ ಎಲ್ಲಿದೆ, ಇದೆಯೋ ಇಲ್ಲವೋ? ಎಂ.ಎಸ್ಸಿ ಮುಗಿಸಿದ ವರ್ಷ ಷಡಕ್ಷರಿಯ ತಲೆಗೆ ಹೊಕ್ಕ ಹುಳ ಇದು. ಆಮೇಲೆ ಕೆಲಸ ಸಿಕ್ಕಿತು, ವಿಜ್ಞಾನದ ಪಾಠ, ಜನಗಣತಿ, ಮದುವೆ, ಎರಡು ಮಕ್ಕಳು. ಸಂಶೋಧನೆಗೆ ಮಾಡಿಸಿದ್ದ ನೋಂದಣಿಯ ಅವಧಿ ಯಾವಾಗ ಮುಗಿಯಿತೆಂದು ಅವನಿಗೇ ಸರಿಯಾಗಿ ಗೊತ್ತಿಲ್ಲ. ಹುಳ ಮಾತ್ರ ಒಳಗೇ ಇತ್ತು. ಹೋದ ವರ್ಷ, ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ, ಹಿರೇಕೊಡಿಗೆಯ ಹತ್ತಿರದ ಒಂದು ಹಳ್ಳದಲ್ಲಿ ಕಪ್ಪು ಲಾವಾ ಬಿಳಿ ಹರಳುಗಳನ್ನು ಬಾಯಲ್ಲಿ ಕಚ್ಚಿ ಹಿಡಿದಿದ್ದ ಒಂದು ಕಲ್ಲು ಅವನಿಗೆ ಸಿಕ್ಕಿತು. ಅದನ್ನು ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ ಹಳೆಯ ಶಿಷ್ಯೆ ಜ್ಯೋತ್ಸ್ನಾಳಿಗೆ ಪಾರ್ಸೆಲ್ ಮಾಡಿದ. ಅವಳು ಅದನ್ನು ಪುಡಿ ಮಾಡಿಸಿ, ಅದರೊಳಗಿನ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳ ವಯಸ್ಸು ತೆಗೆಸಿದಳು. ಸುತ್ತಮುತ್ತ ಯಾರೂ ಗುರುತಿಸದಷ್ಟು ಹಳೆಯ ನೆಲವೊಂದರ ಸುಳಿವು ಅದರಲ್ಲಿತ್ತು. ಅವಳು ಫೋನಿನಲ್ಲಿ ಹೆಚ್ಚುಕಡಿಮೆ ಕಿರುಚಿದ್ದಳು. ಪ್ರಬಂಧ ಬರೆಯೋಣ ಸರ್, ಮೊದಲ ಹೆಸರು ನಿಮ್ಮದು, ಎರಡನೆಯದು ನನ್ನದು. ಆಮೇಲೆ ಸ್ವಲ್ಪ ತಡೆದು, "ಬಂಡೆಯಿಂದಲೇ ಒಡೆದದ್ದು ಅಲ್ವಾ ಸರ್?" ಎಂದಳು. ಅವನು, "ಮತ್ತೇನು?" ಎಂದ.

ಆ 'ಮತ್ತೇನು'ವನ್ನು ಅವನು ವರ್ಷವಿಡೀ ತಿರುಗಿಸಿ ತಿರುಗಿಸಿ ನೋಡಿದ್ದ. ಅದು 'ಹೌದು' ಎಂದಂತಲ್ಲ, ನೋಡಿದರೆ ಅದೂ ಒಂದು ಪ್ರಶ್ನೆಯೇ. ಪ್ರಶ್ನೆ ಕೇಳುವುದು ಸುಳ್ಳು ಹೇಗಾದೀತು? ಹೀಗೆ ತನ್ನ ವಕೀಲಿಕೆಯನ್ನು ತಾನೇ ಮಾಡಿಕೊಂಡು ತಾನೇ ಸೋಲುತ್ತಿದ್ದ. ಬಂಡೆಯಿಂದ ಒಡೆದ ಕಲ್ಲು ತನ್ನ ಜಾಗ ತಾನೇ ಹೇಳುತ್ತದೆ. ಬಿದ್ದಿರುವ ಕಲ್ಲು ಎಲ್ಲಿಂದ ಬೇಕಾದರೂ ಬಂದಿರಬಹುದು. ನೀರು ತಂದಿರಬಹುದು, ದನ ಉರುಳಿಸಿರಬಹುದು, ಯಾರೋ ಪುಣ್ಯಾತ್ಮರು ಗಾಡಿಯಲ್ಲಿ ತಂದು ಹಾಕಿರಬಹುದು. ಬಿದ್ದ ಕಲ್ಲನ್ನು ನಂಬಿ ನೆಲದ ಕಥೆ ಹೇಳುವುದು ಈ ವಿದ್ಯೆಯಲ್ಲಿ ಮಹಾಪಾಪ. ಅದನ್ನು ಸಾವಿರ ಸಲ ಮಕ್ಕಳಿಗೆ ಹೇಳಿದವನೇ ಅವನು. ಹಾಗಿದ್ದೂ ಆವತ್ತು ಆದದ್ದೇನು? ಹಳ್ಳದ ಅಂಚಿನ ಬಂಡೆಗೆ ಅವನು ಸುತ್ತಿಗೆ ಎತ್ತಿ ಹೊಡೆದ. ಬಂಡೆ ಟಣ್ಣೆಂದಿತು, ಅಷ್ಟೇ. ಮತ್ತೆ ಹೊಡೆದ. ಸುತ್ತಿಗೆ ಚಿಮ್ಮಿ ಬಂದು ಮೊಣಕಾಲಿಗೇ ತಗಲುವುದರಲ್ಲಿತ್ತು. ದಡದ ಮೇಲೆ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಆ ಜಮೀನಿನ ಯಜಮಾನಿ ಸುಲೋಚನಮ್ಮ ನಿಂತಿದ್ದರು. "ಮೇಷ್ಟ್ರೇ, ಕಲ್ಲಿಗೆ ನಿಮ್ಮ ಪರಿಚಯ ಇಲ್ಲ ಅಂತ ಕಾಣ್ತದೆ" ಎಂದರು. ಅವನು ಇನ್ನಷ್ಟು ಜೋರಾಗಿ ಹೊಡೆದ. ಅಂಗೈಯಲ್ಲಿ ಬೊಬ್ಬೆ ಎದ್ದಿತು, ಬಂಡೆಯಲ್ಲಿ ಉಗುರಿನಷ್ಟು ಚೂರೂ ಏಳಲಿಲ್ಲ. "ನಮ್ಮನೆ ಹಾರೆ ಕೊಡ್ಲಾ?" ಎಂದರು ಅವರು, ನಿಜವಾದ ಕಾಳಜಿಯಿಂದಲೇ. ಆ ಕಾಳಜಿಯೇ ಅವನನ್ನು ಕೊಂದಿತು. ಬೇಡ ಬೇಡ, ಸಿಕ್ಕಿತು ಎಂದು, ಪಕ್ಕದಲ್ಲಿ ಬಿದ್ದಿದ್ದ ಒಂದನ್ನು ಹೆಕ್ಕಿ ಚೀಲಕ್ಕೆ ಹಾಕಿಕೊಂಡು, ಬಹಳ ಕೆಲಸವಿರುವವನ ಹಾಗೆ ದಡ ಹತ್ತಿದ್ದ. ಮನೆಗೆ ಬಂದು ತೊಳೆದು ನೋಡಿದಾಗ ಅದರ ಚೆಲುವಿಗೆ ಅವನ ಎದೆ ನಡುಗಿತ್ತು. ಇಷ್ಟು ಚೆಂದದ ಕಲ್ಲು ಬಿದ್ದದ್ದು ಎನ್ನಲು ಅವನಿಗೆ ಮನಸ್ಸಾಗಲಿಲ್ಲ.

ಹಿರೇಕೊಡಿಗೆಯ ಕಡೆಗೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ನಿಂತುಕೊಂಡು ಹೋಗುವಂತಿದ್ದರೆ ಚೆನ್ನಾಗಿತ್ತು ಎಂದುಕೊಂಡ ಷಡಕ್ಷರಿ. ಜೋತುಬಿದ್ದವನಿಗೆ ಮಾತಾಡದಿರಲು ಒಂದು ನೆಪ ಇರುತ್ತದೆ. "ನಾಳೆ ಬೆಳಿಗ್ಗೆ ನಮ್ಮ ಗೈಡ್ ಪ್ರಬಂಧವನ್ನ ಜರ್ನಲ್ಲಿಗೆ ಕಳಿಸ್ತಾರೆ ಸರ್. ಅದಕ್ಕೆ ಮೊದಲು ನಿಮ್ಮ ಜೊತೆ ಒಂದ್ಸಲ ಜಾಗ ನೋಡ್ಬೇಕು ಅನ್ನಿಸ್ತು" ಎಂದಳು ಜ್ಯೋತ್ಸ್ನಾ. "ಒಳ್ಳೇದೇ ಆಯ್ತು" ಎಂದ. ಈಗ ಹೇಳಿಬಿಡಬೇಕು. ಮುಂದಿನ ತಿರುವು ಕಳೆಯಲಿ. ತಿರುವು ಕಳೆಯಿತು, ಟಿಕೆಟ್ಟಿಗೆ ಕಂಡಕ್ಟರ್ ಬಂದ, ಚಿಲ್ಲರೆ ಇಲ್ಲ ಎಂದು ಇಬ್ಬರ ಮೇಲೂ ಸಮನಾಗಿ ಸಿಟ್ಟಾದ. ಅವನು ಹೋಗಲಿ. ಹೋದ. ಅವಳು ಕಿಟಕಿಯ ಹೊರಗೆ ರಸ್ತೆಗಾಗಿ ಕಡಿದ ಗುಡ್ಡದ ಕೆಂಪು ಗೋಡೆಯನ್ನು ನೋಡುತ್ತ ಕೂತಿದ್ದಳು, ಕುತ್ತಿಗೆ ಮುಂದೆ ಚಾಚಿ, ಬಾಯಿ ಸ್ವಲ್ಪ ತೆರೆದು. ಶೃಂಗೇರಿಗೆ ಶಾಲೆಯ ಪ್ರವಾಸ ಕರೆದುಕೊಂಡು ಹೋದಾಗಲೂ ಹೀಗೇ. ಆಗ ಅವನು ಎನ್.ಆರ್.ಪುರದ ಕಡೆ ಮೇಷ್ಟ್ರಾಗಿದ್ದ. ಮಕ್ಕಳೆಲ್ಲ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕುತ್ತಿದ್ದರೆ, ಎರಡು ಜಡೆಯ ಈ ಹುಡುಗಿ ನೀರಿನಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಲ್ಲು ಆರಿಸುತ್ತಿದ್ದಳು. ಲಂಗದ ತುದಿ ಪೂರ್ತಿ ಒದ್ದೆ. "ಸರ್, ಒಂದೊಂದೂ ಒಂದೊಂದು ಬಣ್ಣ ಇದೆಯಲ್ಲ, ಇವೆಲ್ಲ ಎಲ್ಲಿಂದ ಬಂದ್ವು?" ಅದುವರೆಗೆ ಯಾವ ಮಗುವೂ ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ. ತರಗತಿಯಲ್ಲಿ ಕಪ್ಪುಹಲಗೆಗೆ ಪಾಠ ಮಾಡಿ ಮಾಡಿ ಬೇಸತ್ತಿದ್ದವನಿಗೆ ಆವತ್ತು ಕಣ್ಣಲ್ಲಿ ನೀರು ಬಂದಿತ್ತು. ಬಿಸಿಲಿಗೆ ಎಂದುಕೊಂಡಿದ್ದ. "ಇಳೀರಿ, ಇಳೀರಿ" ಎಂದು ಕಂಡಕ್ಟರ್ ಕೂಗಿದ.

ಹಳ್ಳ ಫೆಬ್ರವರಿಯ ಬಿಸಿಲಿಗೆ ಸೊರಗಿ, ಕಲ್ಲುಗಳ ಸಂದಿನಲ್ಲಿ ಗೊಣಗಿಕೊಂಡು ಹರಿಯುತ್ತಿತ್ತು. ಷಡಕ್ಷರಿ ಆ ಬಂಡೆಯನ್ನು ತೋರಿಸಿದ. 'ಇಲ್ಲಿ' ಎಂದು ಬಾಯಿಬಿಟ್ಟು ಹೇಳದೆ ಕೈ ಮಾತ್ರ ಮಾಡಿದ, ಅದಕ್ಕೊಂದು ವಿನಾಯಿತಿ ಸಿಕ್ಕೀತೆಂಬಂತೆ. ಜ್ಯೋತ್ಸ್ನಾ ಬಂಡೆಯ ಸುತ್ತ ಒಮ್ಮೆ ಸುತ್ತಿದಳು, ಬಿರುಕು ಎಲ್ಲಿದೆ ಎಂದು ಬೆರಳಿನಿಂದ ಸವರಿ ಹುಡುಕಿದಳು, ಸೊಪ್ಪನ್ನು ಪಕ್ಕಕ್ಕಿಟ್ಟು ಅವನ ಸುತ್ತಿಗೆಯನ್ನೇ ತೆಗೆದುಕೊಂಡು ಎರಡು ಏಟು ಹಾಕಿದಳು. ಅಂಗೈಯಗಲದ ಚಕ್ಕೆ ಕಳಚಿ ಬಂತು. ಅಷ್ಟು ಸಲೀಸಾಗಿ ಬಂದದ್ದು ನೋಡಿ ಷಡಕ್ಷರಿಗೆ ಬಂಡೆಯ ಮೇಲೆಯೇ ಸಿಟ್ಟು ಬಂತು. ಅವಳು ಚಕ್ಕೆಯ ಹೊಸ ಮುಖವನ್ನು ನೆಕ್ಕಿ, ಲೆನ್ಸ್ ಇಟ್ಟು ನೋಡಿ, ಅವನಿಗೆ ಕೊಟ್ಟಳು. ಅವನೂ ನೆಕ್ಕಿದ, ನೋಡಿದ. ಕಪ್ಪು, ಬರೀ ಕಪ್ಪು. ಒಂದು ಬಿಳಿ ಹರಳಿಲ್ಲ, ಒಂದು ಮರಳಿನ ಕಾಳಿಲ್ಲ. ಆಗ ಅವನು ಹೇಳಬಹುದಾಗಿತ್ತು. ಜಾಗ ಗುಡಿಸಿ, ಮಣೆ ಹಾಕಿ ಕೊಟ್ಟಂತಿತ್ತು. ಅವನು ಕೆಮ್ಮಿ, "ಬಂಡೆ ಎಲ್ಲಾ ಕಡೆ ಒಂದೇ ಥರ ಇರಲ್ಲ ನೋಡು" ಎಂದ. "ಹೌದು ಸರ್. ಹಳ್ಳ ಹಿಡಿದು ಮೇಲೆ ಹೋಗೋಣ" ಎಂದಳು ಅವಳು.

ಬಿದ್ದ ಕಲ್ಲು ಹತ್ತುವುದಿಲ್ಲ, ಇಳಿಯುತ್ತದೆ. ಅಂಥದೇ ಕಲ್ಲುಗಳನ್ನು ಹುಡುಕುತ್ತ ನೀರಿಗೆ ಎದುರಾಗಿ ನಡೆಯಬೇಕು. ಎಲ್ಲಿ ಅವು ಕಾಣುವುದು ನಿಲ್ಲುತ್ತದೋ ಅಲ್ಲಿ ತಲೆ ಎತ್ತಿ ದಡ ನೋಡಬೇಕು. ಇದೂ ಅವನೇ ಹೇಳಿಕೊಟ್ಟ ಪಾಠ. ಈಗ ಅವಳು ಆ ಪಾಠದ ಪ್ರಕಾರವೇ ಮುಂದೆ ನಡೆಯುತ್ತಿದ್ದಳು, ಅವನು ಪ್ಯಾಂಟು ಮಡಿಚಿಕೊಂಡು ಹಿಂದೆ ನಡೆಯುತ್ತಿದ್ದ. ಬಂಡೆಯಿಂದ ಒಡೆದ ಕಲ್ಲಿನ ಮೂಲವನ್ನು ಹೀಗೆ ಯಾರು ಹುಡುಕುತ್ತಾರೆ? ಇವಳು ಯಾಕೆ ಹುಡುಕುತ್ತಿದ್ದಾಳೆ? ಎಂಬ ಯೋಚನೆ ಒಮ್ಮೆ ಬಂತು, ಪಾಚಿಯ ಮೇಲೆ ಕಾಲು ಜಾರಿದ ಗಾಬರಿಯಲ್ಲಿ ಹೋಯಿತು. "ಇಲ್ಲೊಂದಿದೆ ಸರ್" ಎಂದಳು. ಬಿಳಿ ಹರಳು ಕಚ್ಚಿದ ಕಪ್ಪು ಕಲ್ಲು, ಮುಷ್ಟಿಯಷ್ಟು. ಸ್ವಲ್ಪ ಮೇಲೆ ಇನ್ನೊಂದು, ಅದಕ್ಕಿಂತ ದಪ್ಪ. ಆಮೇಲೆ ತಲೆಯಷ್ಟಿನದು, ಮೂಲೆಗಳು ಇನ್ನೂ ಪೂರ್ತಿ ಸವೆಯದ್ದು. ಷಡಕ್ಷರಿಗೆ ಮೈ ಬಿಸಿಯೇರಿತು. ಸುಳ್ಳು, ನಾಳೆಯ ಪ್ರಬಂಧ, ಎಲ್ಲ ಮರೆತುಹೋಗಿ ಅವನು ಅವಳನ್ನೂ ದಾಟಿ ಮುಂದೆ ಓಡುತ್ತಿದ್ದ. ಹಳ್ಳದ ತಿರುವಿನಲ್ಲಿ ಕಲ್ಲುಗಳು ನಿಂತವು. ತಲೆ ಎತ್ತಿದ.

ದಡದಿಂದ ಹಳ್ಳದೊಳಕ್ಕೆ ಜಗಲಿಯ ಹಾಗೆ ಚಾಚಿಕೊಂಡಿದ್ದ ಬಂಡೆಯ ಮೇಲೆ ಸುಲೋಚನಮ್ಮ ಬಟ್ಟೆ ಒಗೆಯುತ್ತಿದ್ದರು. ಅವರು ಎತ್ತಿ ಎತ್ತಿ ಬಡಿಯುತ್ತಿದ್ದ ಹೊದಿಕೆಯ ಕೆಳಗೆ, ಸೋಪಿನ ನೊರೆ ಜಾರಿದಲ್ಲೆಲ್ಲ, ಬಿಳಿ ಹರಳುಗಳು ಹೊಳೆಯುತ್ತಿದ್ದವು. ಅದರ ಮೇಲುಗಡೆ ದಡದಲ್ಲಿ ದಿಂಬುಗಳನ್ನು ಒತ್ತಾಗಿ ಪೇರಿಸಿದಂತೆ ಲಾವಾದ ಗುಂಡು ಗುಂಡು ಪದರ. ಎರಡೂ ಕೂಡುವಲ್ಲಿ ಕೆಸರು ಬೆಂದು, ಸುರುಳಿ ಸುರುಳಿಯಾಗಿ ಲಾವಾದೊಳಕ್ಕೆ ನುಗ್ಗಿ ನಿಂತಿತ್ತು. ಇಪ್ಪತ್ತು ವರ್ಷ ಅವನು ಪುಸ್ತಕದ ಚಿತ್ರದಲ್ಲಿ ಕಂಡದ್ದು ಇಲ್ಲಿ ಒಂದು ಬಕೆಟ್ಟು, ಒಂದು ಬ್ರಷ್ಷು, ಅರ್ಧ ಸವೆದ ನೀಲಿ ಸೋಪಿನ ಜೊತೆ ಬಿಸಿಲು ಕಾಯುತ್ತಿತ್ತು. ಷಡಕ್ಷರಿ ಮಕ್ಕಳ ಹಾಗೆ ಕೈ ತಟ್ಟಿದ. ಕಲ್ಲು ಇಲ್ಲಿಂದಲೇ ಬಂದದ್ದು! ಬಂಡೆ ಇದೆ! ಅಂದ ಮೇಲೆ ತಾನು ಹೇಳಿದ್ದು ಸುಳ್ಳೇ ಅಲ್ಲ, ಸ್ವಲ್ಪ ಮುಂಚಿತವಾಗಿ ಹೇಳಿದ ನಿಜ ಅಷ್ಟೆ. ವರ್ಷದಿಂದ ಕಟ್ಟಿಕೊಂಡಿದ್ದ ಉಸಿರು ಒಂದೇ ಸಲಕ್ಕೆ ಹೊರಬಂತು. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ.

"ಸರ್, ನೀವು ಒಡೆದದ್ದು ಇಲ್ಲೇನಾ?" ಎಂದು ಹಿಂದಿನಿಂದ ಜ್ಯೋತ್ಸ್ನಾ ಕೇಳಿದಳು. ಅವಳ ದನಿ ಎಷ್ಟು ಮೆತ್ತಗಿತ್ತೆಂದರೆ, ಹೌದೆನ್ನಿ ಎಂದು ಅವಳೇ ಹೇಳಿಕೊಡುತ್ತಿದ್ದಂತಿತ್ತು.

ಹೌದು ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಸುಲೋಚನಮ್ಮ ಹಣೆಯ ಬೆವರನ್ನು ಮೊಣಕೈಯಿಂದ ಒರೆಸಿಕೊಂಡು, ಬಾಯ್ತುಂಬ ನಕ್ಕರು.

"ಇಲ್ಲೆಂತ ಒಡೀತಾರೆ ಕೂಸೇ! ಈ ಕಲ್ಲಿಗೆ ಸುತ್ತಿಗೆ ತಾಗಿಸಿದ್ರೆ ನಾ ಬಿಡ್ತಿದ್ನಾ? ನಿಮ್ಮ ಮೇಷ್ಟ್ರು ಕೆಳಗೆ ಆ ಬೋಳು ಬಂಡೆಗೆ ಹೊಡ್ದೂ ಹೊಡ್ದೂ ಸುಸ್ತಾಗಿ, ಬಿದ್ದಿದ್ದ ಕಲ್ಲೊಂದನ್ನ ಹೆಕ್ಕಿಕೊಂಡು ಹೋದ್ರು. ಪಾಪ, ಕೈಯೆಲ್ಲ ಕೆಂಪಾಗಿತ್ತು. ನಾ ಹಾರೆ ಕೊಡ್ತೆ ಅಂದೆ, ನಾಚಿಕೆ ಮಾಡ್ಕೊಂಡ್ರು."

ಷಡಕ್ಷರಿಗೆ ತಕ್ಷಣ ಅನ್ನಿಸಿದ್ದು ನೀರು ಇನ್ನೂ ಸ್ವಲ್ಪ ಆಳ ಇದ್ದಿದ್ದರೆ ಒಳ್ಳೆಯದಿತ್ತು ಎಂದು. ಮೊಣಕಾಲಿನವರೆಗೆ ಬರುವ ಹಳ್ಳದಲ್ಲಿ ಮನುಷ್ಯ ಮುಳುಗಲೂ ಆಗುವುದಿಲ್ಲ. ನಿಧಾನವಾಗಿ ತಿರುಗಿದ. ಜ್ಯೋತ್ಸ್ನಾಳ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಅದನ್ನು ಕಂಡು ಅವನಿಗೆ ಇನ್ನಷ್ಟು ಭಯವಾಯಿತು.

"ನಿಂಗೆ ಗೊತ್ತಿತ್ತಾ?"

"ಪಾರ್ಸೆಲ್ ಬಿಚ್ಚಿದ ದಿನವೇ ಗೊತ್ತಾಯ್ತು ಸರ್. ಒಡೆದ ಮುಖ ಒಂದೂ ಇರ್ಲಿಲ್ಲ. ಸುತ್ತಲೂ ಸವೆದಿತ್ತು. ಒಂಬತ್ತನೇ ಕ್ಲಾಸಲ್ಲಿ ನೀವೇ ಹೇಳಿಕೊಟ್ಟದ್ದಲ್ವಾ."

"ಮತ್ತೆ ಫೋನಲ್ಲಿ ಯಾಕೆ ಕೇಳ್ದೆ?"

"ನೀವು ಹೇಳ್ತೀರಿ ಅಂತ."

ಅವನು ಏನೋ ಹೇಳಲು ಹೋದ. ಅವಳು ಕೈ ಅಡ್ಡ ಮಾಡಿದಳು. ಇಷ್ಟು ವರ್ಷಗಳಲ್ಲಿ ಅವಳು ಅವನ ಮಾತು ತಡೆದದ್ದು ಇದೇ ಮೊದಲು. "ಅದಲ್ಲ ಸರ್. ಹೋದ ತಿಂಗಳು ಒಂದು ಸೆಮಿನಾರ್ ಇತ್ತು. ಮುಂದಿನ ಸಾಲಲ್ಲಿ ಕೂತಿದ್ದವರೊಬ್ಬರು, 'ಕೊಪ್ಪದ ಹೈಸ್ಕೂಲ್ ಮೇಷ್ಟ್ರಾ ಕಲ್ಲು ಆರಿಸಿದ್ದು? ದಾರೀಲಿ ಸಿಕ್ಕಿದ್ದನ್ನ ತಂದಿರ್ತಾರೆ' ಅಂದ್ರು. ಎಲ್ಲಾ ನಕ್ರು. ನಂಗೆ ತಡಕೊಳ್ಳೋಕಾಗ್ಲಿಲ್ಲ. ಬಂಡೆಯಿಂದಲೇ ಒಡೆದದ್ದು, ನಾನೂ ಜೊತೆಗಿದ್ದೆ, ಕಣ್ಣಾರೆ ನೋಡಿದೀನಿ ಅಂದುಬಿಟ್ಟೆ." ಅವಳು ನೀರಿನ ಕಡೆ ನೋಡಿದಳು. "ಗೈಡ್ ಅಲ್ಲೇ ಇದ್ರು. ಅವರು ಈಗ ಪ್ರಬಂಧದಲ್ಲಿ ಅದನ್ನೇ ಬರೆದಿದಾರೆ. ಇಲ್ಲಿ ಬಂಡೆ ಸಿಗ್ಲಿ ದೇವ್ರೇ ಅಂತ ರಾತ್ರಿಯಿಡೀ ಹರಕೆ ಹೇಳ್ಕೊಂಡೆ ಸರ್, ನಾನು."

ಷಡಕ್ಷರಿ ಹಳ್ಳದ ನಡುವೆ ನಿಂತೇ ಇದ್ದ. ಪುಟ್ಟಪ್ಪನ ಗೇಲಿ, ಕುಸುಮಾಳ ಗೇಲಿ, ಸುಲೋಚನಮ್ಮನ ಹಾರೆ, ಇವನ್ನೆಲ್ಲ ವರ್ಷವಿಡೀ ಲೆಕ್ಕವಿಟ್ಟುಕೊಂಡು ತನ್ನ ಮಾನವನ್ನು ತಾನೇ ಸವರಿಕೊಳ್ಳುತ್ತ ಕೂತಿದ್ದವನಿಗೆ, ದೂರದ ಒಂದು ಸಭೆಯಲ್ಲಿ ಈ ಹುಡುಗಿ ಒಬ್ಬಳೇ ಎದ್ದು ನಿಂತು ಅದೇ ಮಾನಕ್ಕಾಗಿ ಸುಳ್ಳು ಹೇಳಿದ್ದು ಕಾಣುತ್ತಿತ್ತು. ಅವನು ನುಡಿದದ್ದು ಅರ್ಧ ಸುಳ್ಳು, ಪ್ರಶ್ನೆಯ ವೇಷ ಹಾಕಿದ್ದು. ಅವಳದ್ದಕ್ಕೆ ವೇಷವೇ ಇರಲಿಲ್ಲ. ಕಲ್ಲು ನೋಡಿ ನಿಜ ಹೇಳುವುದನ್ನು ಅವಳಿಗೆ ಕಲಿಸಿದವನು ಅವನು, ಇದನ್ನು ಕಲಿಸಿದವನೂ ಅವನೇ. ಅವಳ ಪದವಿ ಹೋದರೆ? ನಾಳೆ ಇನ್ಯಾರೋ ಇದೇ ಹಳ್ಳಕ್ಕೆ ಬಂದು, ಸುಲೋಚನಮ್ಮನನ್ನು ಮಾತಾಡಿಸಿ, ಸುತ್ತಿಗೆಯ ಗುರುತಿಲ್ಲದ ಈ ಬಂಡೆ ನೋಡಿ ನಕ್ಕರೆ, ಅವರು ನಗುವುದು ಅವನನ್ನಲ್ಲ.

"ಎಂತ ಮಾರಾಯ್ರೆ, ಇಬ್ರೂ ಹೀಗೆ ನಿಂತ್ಬಿಟ್ರಿ? ನಾ ಹೇಳ್ಬಾರದ್ದು ಹೇಳಿದ್ನಾ?" ಎಂದರು ಸುಲೋಚನಮ್ಮ, ಹೊದಿಕೆಯನ್ನು ಕೈಯಲ್ಲೇ ಹಿಡಿದುಕೊಂಡು.

"ಇಲ್ಲ ಅಮ್ಮ. ನಾನು ಹೇಳಬೇಕಾದ್ದನ್ನ ನೀವು ಹೇಳಿದ್ರಿ" ಎಂದ ಷಡಕ್ಷರಿ. ಹೇಳಿದ ಮೇಲೆ ಅದು ಅಂಥ ಕಷ್ಟದ ಮಾತೇನೂ ಆಗಿರಲಿಲ್ಲ ಅನ್ನಿಸಿತು. "ನಿಮ್ಮನೇಲಿ ಫೋನ್ ಇದೆಯಾ?"

ಫೋನು ಸುಲೋಚನಮ್ಮನ ಮನೆಯ ಜಗಲಿಯ ಮೂಲೆಯಲ್ಲಿ, ಕಸೂತಿ ಹಾಕಿದ ಬಟ್ಟೆಯ ಕೆಳಗಿತ್ತು. ಜ್ಯೋತ್ಸ್ನಾ ಗೈಡಿನ ಮನೆಯ ನಂಬರು ಹೇಳಿ, "ಬೇಡ ಸರ್, ಈಗ ಬಂಡೆ ಸಿಕ್ಕಿತಲ್ಲ. ಇವರನ್ನ ಕೇಳಿ ಒಂದು ಚೂರು ತಗೊಂಡು ಹೋಗಿ ಸುಮ್ಮನಿದ್ರೆ ಯಾರಿಗೂ ಗೊತ್ತಾಗಲ್ಲ" ಎಂದಳು. ಹೇಳುವಾಗಲೇ ಅವಳ ಕಣ್ಣು ತುಂಬಿತ್ತು. ಅವನು ರಿಸೀವರ್ ಎತ್ತಿಕೊಂಡ. ಅವಳು ಹೊರಗೆ ಹೋಗಿ ಸುಲೋಚನಮ್ಮನ ಎದುರು ನಿಂತು, ಹೊದಿಕೆಯ ಇನ್ನೊಂದು ತುದಿ ಹಿಡಿದು ಹಿಂಡತೊಡಗಿದಳು, ಮುಖವನ್ನು ಬೇಕೆಂದೇ ಆ ಕಡೆ ಮಾಡಿಕೊಂಡು. ಅವನು ನಂಬರು ಒತ್ತಿದ. ಅಷ್ಟು ದೊಡ್ಡ ಮನುಷ್ಯರ ಜೊತೆ ಇಂಗ್ಲಿಷಿನಲ್ಲಿ ಮಾತಾಡಬೇಕಾಗಬಹುದೆಂದು ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಅತ್ತ ಕಡೆ ರಿಂಗಾಯಿತು. ಭಾನುವಾರದ ಮಧ್ಯಾಹ್ನ, ಊಟ ಮಾಡಿ ಮಲಗಿರಲೂಬಹುದು, ಎತ್ತದಿದ್ದರೆ ಎಷ್ಟು ಚೆನ್ನ ಎಂದು ಹಳೆಯ ಷಡಕ್ಷರಿ ಒಳಗಿನಿಂದ ಕಡೆಯ ಸಲ ಬೇಡಿಕೊಂಡ. ಎತ್ತಿದರು.

"ಹಲೋ, ಯಾರು?"

ಕೊಪ್ಪದ ಷಡಕ್ಷರಿ, ಪ್ರಬಂಧದಲ್ಲಿ ಮೊದಲ ಹೆಸರಿನವನು ಎನ್ನಬಹುದಾಗಿತ್ತು. ವರ್ಷದಿಂದ ಆ ಮಾತು ಹೇಳುವ ದಿನವನ್ನೇ ಅವನು ಕಾದಿದ್ದ.

"ನಾನು ಜ್ಯೋತ್ಸ್ನಾಳ ಮೇಷ್ಟ್ರು ಸರ್" ಎಂದ. "ಅವಳು ಸಭೆಯಲ್ಲಿ ಹೇಳಿದ್ದು ಸುಳ್ಳು. ಹೇಳಿಸಿದವನು ನಾನು."